ನಮ್ಮ ಮಗುವಿಗೆ ಊರೆಲ್ಲ ಡಾಕ್ಟರು

ಮದುವೆಯಾಗಿ ಆರು ವರ್ಷಕ್ಕೂ ತೊಟ್ಟಿಲು ಕಟ್ಟದಿದ್ದರೆ ಕಾರವಾರದಲ್ಲಿ ಡಾಕ್ಟರನ್ನು ಹುಡುಕಿಕೊಂಡು ಹೋಗಬೇಕಿಲ್ಲ, ದಾರಿಯಲ್ಲಿ ಸಿಕ್ಕವರೆಲ್ಲ ಡಾಕ್ಟರೇ. ನನಗೆ ಮೂವತ್ತೈದು ದಾಟಿತ್ತು. ಚಿಕಿತ್ಸೆ ಯಾವಾಗ, ಯಾವುದು ಅಂತ ನಾವಿಬ್ಬರು ಯೋಚಿಸುವುದರೊಳಗೆ ಊರು ತೀರ್ಮಾನ ಮಾಡಿ ಕೈತೊಳೆದುಕೊಂಡಿತ್ತು.

ಮೀನಿನ ಮದ್ದು

ಮೊದಲ ತಜ್ಞೆ, ಮಾಜಾಳಿಯಿಂದ ಬುಟ್ಟಿ ಹೊತ್ತು ಬರುವ ಮೀನಿನವಳು. "ಅಕ್ಕೋರೇ, ಈ ಬಂಗಡೆ ತಿಂದ್ರೆ ಮಕ್ಕಳಾಗೂದಿಲ್ಲ. ಇಸ್ವಾಣ ತಿನ್ನಿ, ಇಸ್ವಾಣ!" ಅಂದಳು. ಬುಟ್ಟಿಯಲ್ಲಿ ಅದೇ ಎಲ್ಲಕ್ಕಿಂತ ದುಬಾರಿ ಮೀನು ಅನ್ನುವುದು ಬರೀ ಕಾಕತಾಳೀಯ ಬಿಡಿ. ಮಳೆಗಾಲ ಶುರುವಾಗುವ ತನಕ ಬಿಡದೆ ತಿಂದೆ. ಬಸುರಾದದ್ದು ಅವಳ ಸೊಸೆ.

ರಜೆಯ ಲೆಕ್ಕ

ಆಸ್ಪತ್ರೆಗೆ ಹೋಗಲು ರಜೆ ಕೇಳಿದೆ. ನಾನು ಕಲಿಸುವ ಶಾಲೆಯ ಹೆಡ್‌ಮಾಸ್ತರರು ಬಹಳ ಕರುಣಾಳು. "ಹೋಗಿ ಬನ್ನಿ ಅಕ್ಕೋರೇ, ಬೇಡ ಅನ್ನೂದಿಲ್ಲ. ಆದ್ರೆ ಮಗು ಪರೀಕ್ಷೆ ಮುಗದ ಮೇಲೇ ಹುಟ್ಟೂ ಹಾಂಗೆ ಡಾಕ್ಟರಿಗೆ ಹೇಳಿಡಿ" ಅಂದರು.

ಮಡಗಾಂವಿನಲ್ಲಿ

ಗೋವಾದ ಆ ಆಸ್ಪತ್ರೆಯ ಲೇಡಿ ಡಾಕ್ಟರು ಸಮಾಧಾನದಿಂದ ಹೇಳಿದರು: "ಮೊದಲು ಸಣ್ಣ ಚಿಕಿತ್ಸೆ ಮಾಡಬಹುದು, ಇಲ್ಲಾಂದ್ರೆ ನೇರ ಟೆಸ್ಟ್‌ಟ್ಯೂಬ್. ಯಾವುದು ಅಂತ ಹೇಳ್ಬೇಕಾದ್ರೆ ಗಂಡನ ಟೆಸ್ಟ್ ಆಗ್ಬೇಕು. ತಡ ಮಾಡ್ಬೇಡಿ."

ನನ್ನ ಗಂಡ ಎದೆ ಉಬ್ಬಿಸಿದರು. "ನಮ್ಮ ಮನೆತನದಲ್ಲಿ ಅಂಥ ತೊಂದ್ರೆ ಯಾರಿಗೂ ಇಲ್ಲ. ನನ್ನ ಅಪ್ಪನಿಗೆ ಎಂಟು ಮಕ್ಕಳು!"

"ಒಳ್ಳೇದು. ನಿಮ್ಮ ಅಪ್ಪನ ಟೆಸ್ಟ್ ಬೇಡ" ಅಂದರು ಡಾಕ್ಟರು, ಸ್ಯಾಂಪಲ್ಲಿನ ಪುಟ್ಟ ಡಬ್ಬಿಯನ್ನು ಇವರ ಮುಂದೆ ಸರಿಸುತ್ತ, "ನಿಮ್ಮದು ಮಾಡಿಸಿ."

ಪ್ರಸಾದ

ಅಷ್ಟಾದರೂ ಮಹಾಶಯರು ಜಗ್ಗಲಿಲ್ಲ. ನನ್ನ ವಯಸ್ಸು ಓಡುತ್ತಿತ್ತು, ಇವರು ಮೀಸೆ ತಿರುವುತ್ತಿದ್ದರು. ನಾನು ಬಾತ್‌ರೂಮಿನ ನಲ್ಲಿ ಬಿಟ್ಟು ಅತ್ತದ್ದೂ ಉಂಟು.

ಕೊನೆಗೆ ಅತ್ತೆ, "ದೇವ್ರ ಹತ್ರನೇ ಕೇಳ್ವ" ಅಂತ ಅಂಕೋಲೆ ಕಡೆಯ ತಮ್ಮ ಊರ ದೇವಸ್ಥಾನಕ್ಕೆ ನಮ್ಮಿಬ್ಬರನ್ನೂ ಎಳೆದುಕೊಂಡು ಹೋದರು. ಅಲ್ಲಿ ಪೂಜೆ ಮಾಡುವ ಗುನಗರು ದೇವರ ಮೈಗೆ ಒದ್ದೆ ಹೂವು ಅಂಟಿಸಿ ಪ್ರಶ್ನೆ ಕೇಳುತ್ತಾರೆ, ಅದಕ್ಕೇ ಪ್ರಸಾದ ಕೇಳುವುದು ಅನ್ನುತ್ತಾರೆ. ಹೂವು ಬಲಗಡೆ ಬಿದ್ದರೆ ಹೌದು, ಎಡಗಡೆ ಬಿದ್ದರೆ ಇಲ್ಲ.

ಅತ್ತೆ ಕೈಮುಗಿದರು. "ಸೊಸೆಗೆ ಸಣ್ಣ ಚಿಕಿತ್ಸೆ ಮಾಡಸೂದೇ?" ಹೂವು ಅಲ್ಲಾಡಲಿಲ್ಲ.

"ಹಂಗಾರೆ ಟೆಸ್ಟ್‌ಟ್ಯೂಬೇ?" ಊಹೂಂ.

ಗುನಗರು ಬೆವರು ಒರೆಸಿಕೊಂಡು, "ಕೇಳೂದು ಸಮ ಆಗ್ಲಿಲ್ಲ, ಬೇರೆ ತರ ಕೇಳಿ" ಅಂದರು.

ನನ್ನ ತಲೆ ಕೆಟ್ಟುಹೋಗಿತ್ತು. "ಗಂಡನ ಟೆಸ್ಟ್ ಮೊದಲು ಮಾಡಸೂದೇ ಅಂತ ಕೇಳಿ" ಅಂದೆ.

ಗುನಗರು ಬಾಯಿ ಮುಚ್ಚುವುದರೊಳಗೆ ಹೂವು ಬಲಗಡೆಗೆ ಪಟ್ಟನೆ ಬಿತ್ತು.

ಗಂಡನ ಮುಖ ಬಿಳುಚಿತು. "ಅದು... ಫ್ಯಾನಿನ ಗಾಳಿಗೆ ಬಿದ್ದದ್ದು!"

ಎಂಟು ಹೆತ್ತ ನನ್ನ ಅತ್ತೆ ಮಗನನ್ನು ಮೇಲಿಂದ ಕೆಳಗೆ ನೋಡಿದರು. "ಕರೆಂಟು ಹೋಗಿ ತಾಸಾಯ್ತು. ನಡಿ ಮಡಗಾಂವಿಗೆ. ನಿಂಗೆ ನಾಚ್ಕೆ ಆದ್ರೆ, ಆ ಡಬ್ಬಿ ಡಾಕ್ಟರಿಗೆ ನಾನೇ ಕೊಟ್ಟು ಬತ್ತೆ!"