ಗೃಹಪ್ರವೇಶದ ಕವರುಗಳೂ ನನ್ನ ಸ್ಕ್ರಿಪ್ಟೂ

ಕೈಯಿಂದ ಎರಡು ದಿನದಲ್ಲಿ ಮುಗಿಯುವ ಕೆಲಸವನ್ನು ಎರಡು ವಾರ ಕೂತು ಕಂಪ್ಯೂಟರಿನಿಂದ ಮಾಡಿಸುವವನೇ ನಿಜವಾದ ವಿದ್ಯಾವಂತ ಎಂಬುದು ನನ್ನ ಆಗಿನ ಸಿದ್ಧಾಂತವಾಗಿತ್ತು.

ಹೊನ್ನಾಳಿಯಲ್ಲಿ ನಮ್ಮ ಹೊಸ ಮನೆ ಎದ್ದು ನಿಂತಿತ್ತು. ಗೃಹಪ್ರವೇಶದ ಪತ್ರಿಕೆ ಅಚ್ಚಾಗಿ ಬಂದಿತ್ತು. ಉಳಿದದ್ದು ಒಂದೇ ಕೆಲಸ. ಕವರುಗಳ ಮೇಲೆ ಹೆಸರು, ಊರು ಬರೆಯಬೇಕು, ಅಷ್ಟೆ.

“ನಾನೂ ಗೌರಕ್ಕನೂ ಕೂತ್ರೆ ಎರಡು ದಿನದಾಗೆ ಬರ್ದು ಮುಗಸ್ತೀವಿ,” ಎಂದಳು ಹೆಂಡತಿ ಶಿವಲೀಲಾ. ಗೌರಕ್ಕ ಅಂದರೆ ನಮ್ಮ ಬಾಡಿಗೆ ಮನೆಯ ಪಕ್ಕದವರು.

“ಈ ಕಾಲದಾಗೆ ಕೈಯಾಗ್ ಬರೆಯೋದಾ? ನೀನು ಸುಮ್ನಿರು. ಒಂದು ಗುಂಡಿ ಒತ್ತಿದ್ರೆ ಕವರು ಉದುರ್ತಾವೆ!”

ನಾನು ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಒಮ್ಮೆ ನಮಗೆ ಒಂದು ವಾರದ ಕಂಪ್ಯೂಟರ್ ತರಬೇತಿ ಕೊಟ್ಟಿದ್ದರು. ಅಲ್ಲಿಂದ ಬಂದವನೇ ಮನೆಯ ಕಂಪ್ಯೂಟರಿಗೂ ಅಲ್ಲಿ ಕಲಿಸಿದ ಲಿನಕ್ಸ್ ಎಂಬ ತಂತ್ರಾಂಶ ಹಾಕಿಕೊಂಡಿದ್ದೆ. ಅದರಲ್ಲಿ ಕಪ್ಪು ಪರದೆಯೊಂದಿದೆ. ಆಜ್ಞೆಗಳನ್ನು ಒಂದರ ಕೆಳಗೊಂದು ಬರೆದಿಟ್ಟರೆ ಯಂತ್ರ ಸಾಲಾಗಿ ಪಾಲಿಸುತ್ತದೆ. ಇದಕ್ಕೆ ಶೆಲ್ ಸ್ಕ್ರಿಪ್ಟ್ ಎನ್ನುತ್ತಾರೆ. ತರಗತಿಯಲ್ಲಾಗಲಿ ಮನೆಯಲ್ಲಾಗಲಿ ನನ್ನ ಆಜ್ಞೆಯನ್ನು ಪಾಲಿಸುವವರು ಇರಲಿಲ್ಲವಾದ್ದರಿಂದ ಈ ವ್ಯವಸ್ಥೆ ನನಗೆ ಬಹಳ ಹಿಡಿಸಿತ್ತು.

ಮೊದಲು ಬಂಧುಬಳಗದ ಹಳೆಯ ಪಟ್ಟಿಯೊಂದನ್ನು ನೋಡಿ ಟೈಪ್ ಮಾಡಿದೆ. ಸಾಲಿಗೊಂದು ಮನೆ, ಸಾಲು ಮುಗಿದ ಕೂಡಲೇ ಎಂಟರ್. ಆಮೇಲೆ ಸ್ಕ್ರಿಪ್ಟ್ ಬರೆದೆ. ಪಟ್ಟಿಯನ್ನು ಓದು, ಒಂದೊಂದು ಹೆಸರನ್ನೂ ಒಂದೊಂದು ಕವರಿನ ಮೇಲೆ ಅಚ್ಚು ಮಾಡು. ಇಷ್ಟೇ. ಹೆಂಡತಿಯನ್ನು ಕರೆದು ಪಕ್ಕದಲ್ಲಿ ನಿಲ್ಲಿಸಿಕೊಂಡು ಗುಂಡಿ ಒತ್ತಿದೆ. ‘ಅನುಮತಿ ಇಲ್ಲ’ ಎಂದು ಇಂಗ್ಲಿಷಿನಲ್ಲಿ ಉತ್ತರ ಬಂತು. ನನ್ನ ಮನೆ, ನನ್ನ ಕಂಪ್ಯೂಟರು, ನಾನೇ ಬರೆದ ಸ್ಕ್ರಿಪ್ಟು!

“ಯಾರನ್ನು ಕೇಳ್ಬೇಕಂತೆ?” ಎಂದಳು.

“ನನ್ನನ್ನೇ.”

“ಮತ್ತೆ ಕೊಡ್ರಿ!”

ಅನುಮತಿ ಕೊಡುವುದು ಹೇಗೆಂದು ತಿಳಿಯಲು ಒಂದು ದಿನ ಹಿಡಿಯಿತು. ಮರುದಿನ ಪ್ರಿಂಟರ್ ಗುಟುರು ಹಾಕಿ ಕವರುಗಳನ್ನು ಉಗುಳತೊಡಗಿತು. ಗೌರಕ್ಕ ಅರಿಶಿನ ಕುಂಕುಮದ ಬಟ್ಟಲು ಹಿಡಿದು ಕವರಿನ ಮೂಲೆಗೆ ಹಚ್ಚಲು ಕೂತರು. ಮೊದಲ ಕವರಿನ ಮೇಲೆ ‘ಶ್ರೀ’ ಎಂದಿತ್ತು. ಎರಡನೆಯದರ ಮೇಲೆ ‘ಹಾಲಪ್ಪನವರು’. ಮೂರನೆಯದರ ಮೇಲೆ ‘ಕುಟುಂಬ’. ನಾಲ್ಕನೆಯದರ ಮೇಲೆ ‘ಸಮೇತ’. ಐದನೆಯದರ ಮೇಲೆ ‘ಕೆರೆಬಿಳಚಿ’.

“ಮೇಷ್ಟ್ರೇ, ಹಾಲಪ್ಪನೋರಿಗೆ ಕೊಟ್ರಿ, ಕುಟುಂಬಕ್ಕೂ ಬ್ಯಾರೆ ಕೊಟ್ರಿ, ಸಂತೋಷ. ಈ ಸಮೇತ ಅನ್ನೋರು ಯಾರ್ ಮನೆಯೋರು?” ಎಂದು ಗೌರಕ್ಕ ಕೇಳಿದರು.

ಕಂಪ್ಯೂಟರ್ ಸಾಲನ್ನು ಸಾಲಾಗಿ ಓದದೆ, ಜಾಗ ಬಿಟ್ಟಲ್ಲೆಲ್ಲ ಕಡಿದು ಪದಕ್ಕೊಂದು ಕವರು ಕೊಟ್ಟಿತ್ತು! ನಿಲ್ಲಿಸು ಎಂದು ನಾನು ಕೂಗಿ, ತಂತಿ ಕೀಳುವಷ್ಟರಲ್ಲಿ ಚನ್ನಗಿರಿ ತಾಲ್ಲೂಕಿನ ನಮ್ಮ ನೆಂಟರೆಲ್ಲ ಚೂರುಚೂರಾಗಿ ಹಾಸಿಗೆಯ ಮೇಲೆ ಬಿದ್ದಿದ್ದರು.

“ಎರಡು ದಿನ ಆತು,” ಎಂದಳು ಹೆಂಡತಿ.

ನಾನು ಬಿಡುವವನಲ್ಲ. ಶಾಲೆಯಿಂದ ಬಂದವನೇ ಕಪ್ಪು ಪರದೆಯ ಮುಂದೆ ಕೂರುತ್ತಿದ್ದೆ. ಟೈಲ್ಸಿನವನು ಬಂದು ಹೋದ, ಬಣ್ಣದವನು ಬಂದು ಹೋದ, ನಾನು ಏಳಲಿಲ್ಲ. ಕೊನೆಗೆ ಸ್ಕ್ರಿಪ್ಟಿಗೆ ಒಂದು ಸಾಲನ್ನು ಇಡಿಯಾಗಿ ಓದುವ ಹೊಸ ವಿಧಾನ ಕಲಿಸಿದೆ. ಕವರುಗಳು ಸರಿಯಾಗಿ ಬಂದವು. ಊರು ಗೆದ್ದ ಹಾಗಾಯಿತು!

ಆಗ ಗೌರಕ್ಕ ಒಂದು ಕವರನ್ನು ಎತ್ತಿ ಹಿಡಿದು, “ಇದೇನು ಮೇಷ್ಟ್ರೇ, ನ್ಯಾಮತಿ ರುದ್ರಪ್ಪನೋರು ಹೋಗಿ ಎರಡು ವರ್ಷ ಆತಲ್ಲ! ಹಿಂಗೆ ಹೆಸರು ಹಿಡಿದು ಕುಟುಂಬ ಸಮೇತ ಕರದ್ರೆ ಬಂದೇ ಬಿಡ್ತಾರೆ!” ಎಂದರು.

ತೀರಿಹೋದವರ ಸಾಲಿನ ಮುಂದೆ ಒಂದು ಗುರುತು ಹಾಕಿದರೆ ಕಂಪ್ಯೂಟರ್ ಆ ಸಾಲನ್ನು ಓದುವುದಿಲ್ಲ ಎಂದು ಹೆಂಡತಿಗೆ ಪಾಠ ಮಾಡಿ, ಹಾಗೆಯೇ ಗುರುತು ಹಾಕಿಟ್ಟವನು ನಾನೇ. ಆ ಗುರುತು ಸ್ಕ್ರಿಪ್ಟಿನೊಳಗೆ ನಡೆಯುತ್ತದೆ, ಪಟ್ಟಿಯಲ್ಲಿ ನಡೆಯುವುದಿಲ್ಲ ಎಂಬುದು ಆವರೆಗೆ ಮೇಷ್ಟ್ರಿಗೆ ಗೊತ್ತಿರಲಿಲ್ಲ. ಗುರುತಿರುವ ಸಾಲು ಬಂದರೆ ಬಿಟ್ಟು ಮುಂದೆ ಹೋಗು ಎಂದು ಸ್ಕ್ರಿಪ್ಟಿನಲ್ಲಿ ಮತ್ತೊಂದು ಆಜ್ಞೆ ಸೇರಿಸಿದೆ. ಅಗಲಿದ ಹಿರಿಯರೆಲ್ಲ ಶಾಂತರಾದರು.

ಇನ್ನು ಉಳಿದದ್ದು ಜಗಳೂರಿನ ಒಂದು ಮನೆ. ಅಲ್ಲಿ ಶಿವಲೀಲಾಳ ಅಣ್ಣ ಮಲ್ಲಪ್ಪನವರಿದ್ದಾರೆ. ನನಗೆ ಭಾವ. ಅವಳಿಗೆ ತಂದೆ ತಾಯಿ ಇಲ್ಲ, ತವರು ಎಂದರೆ ಈ ಅಣ್ಣನೊಬ್ಬನೇ. ಮೂರು ವರ್ಷದ ಹಿಂದೆ ಅವರ ಮಗನ ಮದುವೆ ಪತ್ರಿಕೆಯಲ್ಲಿ, ಆಗಮನ ಬಯಸುವವರ ಸಾಲಿನಲ್ಲಿ, ಇವಳ ಹೆಸರು ಬಿಟ್ಟುಹೋಗಿತ್ತು. ‘ಪ್ರೆಸ್ಸಿನವರ ತಪ್ಪು’ ಎಂದು ಭಾವ. ‘ಪ್ರೆಸ್ಸಿಗೆ ಬರೆದು ಕೊಟ್ಟೋರು ಯಾರು?’ ಎಂದು ಇವಳು. ಅಂದಿನಿಂದ ಮಾತಿಲ್ಲ. ಆದರೆ ನಮ್ಮ ಮನೆತನಗಳಲ್ಲಿ ಹೊಸ ಮನೆಯ ಹೊಸ್ತಿಲನ್ನು ಮನೆಯೊಡತಿ ತವರಿನವರು ತಂದ ಸೀರೆ ಉಟ್ಟೇ ದಾಟಬೇಕು. ಅಣ್ಣ ಬರದಿದ್ದರೆ ಸೀರೆಯಿಲ್ಲ. ಹಾಗೆಂದು ಅವಳು ಬಾಯಿಬಿಟ್ಟು ಹೇಳುವವಳಲ್ಲ. ಪಟ್ಟಿಯಲ್ಲಿ ಆ ಹೆಸರನ್ನು ಸೇರಿಸಲು ನನಗೂ ಬಿಟ್ಟಿರಲಿಲ್ಲ.

ಒಂದು ಸಂಜೆ ಚಹಾ ತಂದಿಟ್ಟವಳು, “ಏಳ್ರಿ, ನಾನೇ ಬರೀತೀನಿ,” ಎಂದಳು. ನನ್ನ ಕುರ್ಚಿಯಲ್ಲಿ ಕೂತು, ಒಂದು ಬೆರಳಿನಲ್ಲಿ ಅಕ್ಷರ ಹುಡುಕಿ ಹುಡುಕಿ, ಪಟ್ಟಿಯ ಕಟ್ಟಕಡೆಗೆ ಒಂದು ಸಾಲು ಒತ್ತಿದಳು. ಅದನ್ನು ಉಳಿಸುವುದು ಹೇಗೆಂದು ತೋರಿಸಿದೆ, ಉಳಿಸಿ ಎದ್ದು ಹೋದಳು. ಅವಳ ಕಣ್ಣು ಒದ್ದೆಯಾಗಿದ್ದನ್ನು ಕಂಡು ಏನು ಬರೆದೆ ಎಂದು ನಾನು ಕೇಳಲಿಲ್ಲ, ನೋಡಲೂ ಇಲ್ಲ.

ಈ ಸಲ ತಪ್ಪಬಾರದೆಂದು ಪಣ ತೊಟ್ಟೆ. ಹಳೆಯ ಕವರುಗಳನ್ನೆಲ್ಲ ಎಸೆದು ಮೊದಲಿನಿಂದ ಅಚ್ಚು ಮಾಡಿಸಿದೆ. ಪಟ್ಟಿಯಲ್ಲಿ ಎಷ್ಟು ಸಾಲಿವೆ ಎಂದು ಕಂಪ್ಯೂಟರನ್ನೇ ಕೇಳಿದೆ. ಗುರುತಿನ ಸಾಲು ಕಳೆದು ಲೆಕ್ಕ ಹಾಕಿದೆ. ಕವರುಗಳನ್ನು ಎರಡು ಸಲ ಎಣಿಸಿದೆ. ತಾಳೆಯಾಯಿತು! ಎಲ್ಲವನ್ನೂ ಕಟ್ಟಿ ಅಂಚೆ ಕಚೇರಿಗೆ ಕೊಟ್ಟು ಬಂದೆ.

“ಜಗಳೂರಿಂದು ಹೋತಾ?” ಎಂದಳು ಶಿವಲೀಲಾ.

“ನೂರಕ್ಕೆ ನೂರು. ಮನುಷ್ಯ ಮರೀತಾನೆ, ಕಂಪ್ಯೂಟರ್ ಮರಿಯಾಕೆ ಸಾಧ್ಯನೇ ಇಲ್ಲ.”

“ಒಂದು ಫೋನ್ ಮಾಡ್ಲಾ?” ಎಂದು ನಾನೇ ಕೇಳಿದ್ದಕ್ಕೆ, “ಬ್ಯಾಡ. ಪತ್ರಿಕೆ ಹೋಗೈತಲ್ಲ. ಬರೋರು ಬರ್ತಾರೆ,” ಎಂದಳು.

ಗೃಹಪ್ರವೇಶದ ಬೆಳಿಗ್ಗೆ ಎಲ್ಲರೂ ಬಂದರು. ಕೆರೆಬಿಳಚಿಯ ಹಾಲಪ್ಪನವರು ನಿಜವಾಗಿಯೂ ಕುಟುಂಬ ಸಮೇತ ಬಂದರು. ಜಗಳೂರಿನ ಭಾವನ ಮನೆಯಿಂದ ಮಾತ್ರ ಯಾರೂ ಇಲ್ಲ. ಶಿವಲೀಲಾ ಹಳೆಯ ಸೀರೆಯಲ್ಲೇ ಹೊಸ್ತಿಲ ಹೊರಗೆ ನಿಂತು ರಸ್ತೆ ನೋಡುತ್ತಿದ್ದಳು. ಪೂಜೆಗೆ ಬಂದಿದ್ದ ಸ್ವಾಮಿಗಳು, “ತವರಿನ ಸೀರೆ ಎಲ್ಲಮ್ಮಾ? ಮುಹೂರ್ತ ಮೀರ್ತೈತೆ,” ಎಂದರು.

“ಕರದ್ರೂ ಬರ್ಲಿಲ್ಲ ನೋಡ್ರಿ,” ಎಂದು ಅವಳು ನನ್ನ ಕಡೆ ತಿರುಗಿದಳು. ನನಗೆ ಭಾವನ ಮೇಲೆ ಎಲ್ಲಿಲ್ಲದ ಸಿಟ್ಟು ಬಂತು. ಶಾಮಿಯಾನದ ಹಿಂದೆ ಹೋಗಿ ಫೋನ್ ಹಚ್ಚಿದೆ.

“ಭಾವ, ಇದು ಚಂದಾನಾ? ಪತ್ರಿಕೆ ಕಳಿಸಿದ್ರೂ ಬರೋದಿಲ್ವಾ?”

“ಯಾವ ಪತ್ರಿಕೆ ಮೇಷ್ಟ್ರೇ? ಓಣಿಯಾಗೆ ನಮ್ಮ ಎರಡೂ ಮಗ್ಗಲು ಮನೆಗೆ ಬಂದೈತೆ. ನಮಗಿಲ್ಲ. ಅಂದು ನಾವು ಬಿಟ್ವಿ ಅಂತ ಇಂದು ಅವಳು ಬಿಟ್ಲು. ಆತು ಬಿಡ್ರಿ, ಸಮ ಆತು.”

“ಸುಳ್ಳು! ಕಂಪ್ಯೂಟರ್‌ನಾಗೆ ದಾಖಲೆ ಐತೆ. ಈಗ್ಲೇ ತೋರಸ್ತೀನಿ, ಫೋನ್ ಇಡಬ್ಯಾಡ್ರಿ!”

ರೇಷ್ಮೆ ಪಂಚೆ ಎತ್ತಿಕಟ್ಟಿ ಬಾಡಿಗೆ ಮನೆಗೆ ಓಡಿದೆ. ಕಂಪ್ಯೂಟರ್ ಹಾಕಿದೆ. ಸ್ಕ್ರಿಪ್ಟ್ ಏನೇನು ಮಾಡುತ್ತದೆಂದು ಹೆಜ್ಜೆಹೆಜ್ಜೆಗೂ ಬಾಯಿಬಿಟ್ಟು ಹೇಳುವಂತೆ ಮಾಡಿ ಓಡಿಸಿದೆ. ಒಂದೊಂದೇ ಸಾಲು ಓದುತ್ತಾ ಬಂತು. ಕೊನೆಯ ಸಾಲಿನ ಹತ್ತಿರ ಬಂದು ‘ಮುಗಿಯಿತು’ ಎಂದು ಕೈತೊಳೆದುಕೊಂಡಿತು! ವಿಷಯ ಇಷ್ಟೇ. ಸಾಲಿನ ತುದಿಯಲ್ಲಿ ಎಂಟರ್ ಒತ್ತದಿದ್ದರೆ ನನ್ನ ಆ ಹೊಸ ವಿಧಾನಕ್ಕೆ ಅದು ಸಾಲೇ ಅಲ್ಲ. ಎಣಿಕೆಗೂ ಅದು ಸಾಲಲ್ಲ. ನಾನು ಪ್ರತಿ ಸಾಲಿಗೂ ಎಂಟರ್ ಒತ್ತಿದ್ದೆ. ಅವಳು ಬರೆದು, ಒತ್ತದೆ, ಕಣ್ಣೊರೆಸಿಕೊಂಡು ಎದ್ದಿದ್ದಳು. ಇಡೀ ಬಳಗದಲ್ಲಿ ಬಿಡಲೇಬಾರದಿದ್ದ ಒಂದು ಮನೆಯನ್ನು ಹುಡುಕಿ ಬಿಟ್ಟಿದ್ದೆ. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

“ಭಾವ, ತಪ್ಪಾಗೈತೆ. ಕಂಪ್ಯೂಟರ್ ನಿಮ್ಮ ಹೆಸರು ಬಿಟ್ಟೈತೆ.”

“ಕಂಪ್ಯೂಟರಿಗೆ ಬರೆದು ಕೊಟ್ಟೋರು ಯಾರು?” ಎಂದರು ಭಾವ, ತಣ್ಣಗೆ.

ಪಟ್ಟಿಯ ಕೊನೆಗೆ ಹೋಗಿ, ಪರದೆಯ ಫೋಟೋ ತೆಗೆದು ಅವರಿಗೆ ಕಳಿಸಿದೆ. ಆ ಸಾಲನ್ನು ನಾನೂ ಆಗಲೇ ಮೊದಲ ಸಲ ಓದಿದ್ದು. ಉಳಿದೆಲ್ಲ ಕಡೆ ‘ಶ್ರೀ ಇಂಥವರು, ಕುಟುಂಬ ಸಮೇತ’ ಎಂದಿತ್ತು. ಅಲ್ಲಿ ಮಾತ್ರ ‘ನಮ್ಮಣ್ಣ ಮಲ್ಲಪ್ಪ, ಅತ್ತಿಗೆ, ಜಗಳೂರು, ಬರಲೇಬೇಕು’ ಎಂದು ಬರೆದಿದ್ದಳು.

ಭಾವ ಅದನ್ನು ಓದಿ, “ಸ್ವಾಮಿಗಳಿಗೆ ತಡಿಯಾಕೆ ಹೇಳ್ರಿ. ಸೀರೆ ತಂದಿಟ್ಟು ತಿಂಗಳಾತು,” ಎಂದರು.

ಸ್ವಾಮಿಗಳು ಪಂಚಾಂಗವನ್ನು ಹಿಂದೆ ಮುಂದೆ ತಿರುವಿ ಮಧ್ಯಾಹ್ನಕ್ಕೆ ಇನ್ನೊಂದು ಮುಹೂರ್ತ ಹುಡುಕಿದರು. ಅಲ್ಲಿಯವರೆಗೆ ನೆಂಟರಿಗೆ ಎರಡನೇ ಸಲ ಉಪ್ಪಿಟ್ಟಾಯಿತು. ತಡವೇಕೆಂದು ಕೇಳಿದವರಿಗೆಲ್ಲ ನಾನು ಎಂಟರ್ ಗುಂಡಿಯ ಮಹತ್ವವನ್ನು ವಿವರಿಸಿದೆ. ಯಾರಿಗೂ ಅರ್ಥವಾಗಲಿಲ್ಲ. ತಪ್ಪು ಮೇಷ್ಟ್ರದು ಎಂಬುದು ಮಾತ್ರ ಎಲ್ಲರಿಗೂ ಅರ್ಥವಾಯಿತು.

ಭಾವನ ಜೀಪು ಬಂತು. ಅಣ್ಣ ಸೀರೆ ಕೊಟ್ಟರು, ತಂಗಿ ಈಸಿಕೊಂಡಳು. ಇಬ್ಬರೂ ಮಾತಾಡಲಿಲ್ಲ. ಹಸಿರು ಸೀರೆ ಉಟ್ಟು ಅವಳು ಹೊಸ್ತಿಲು ದಾಟಿದಳು, ಹಾಲು ಉಕ್ಕಿತು, ಊಟವಾಯಿತು. ಆಗಲೂ ಇಬ್ಬರೂ ಜಗುಲಿಯ ಈ ತುದಿಗೊಬ್ಬರು ಆ ತುದಿಗೊಬ್ಬರು ಸುಮ್ಮನೆ ಕೂತಿದ್ದರು. ಮೂರು ವರ್ಷ ನಿಂತುಹೋದ ಮಾತನ್ನು ಎಲ್ಲಿಂದ ಶುರುಮಾಡಬೇಕೆಂದು ಇಬ್ಬರಿಗೂ ತಿಳಿಯದು. ನನಗೂ ಸಂಕಟ.

ಕೊನೆಗೆ ಭಾವನೇ ಕೇಳಿದರು, “ಅಲ್ಲವ್ವಾ, ಈ ಮೇಷ್ಟ್ರು ಯಾವಾಗ್ಲೂ ಹಿಂಗೇನಾ?”

“ಅಯ್ಯೋ ಅಣ್ಣಾ, ಏನ್ ಕೇಳ್ತೀಯಾ!” ಎಂದು ಶಿವಲೀಲಾ ಸರಿದು ಹತ್ತಿರ ಕೂತಳು.

ಎಲೆ ಅಡಿಕೆ ತಟ್ಟೆ ಹಿಡಿದು ನಾನು ಹೋದಾಗ ಇಬ್ಬರೂ ಮಾತು ನಿಲ್ಲಿಸಿ ನನ್ನನ್ನು ನೋಡಿದರು. ತಟ್ಟೆ ಇಟ್ಟು ಬಂದೆ. ಮತ್ತೆ ಶುರುವಾಯಿತು. ಆ ದಿನ ಸಂಜೆ ಜೀಪು ಹೊರಡುವವರೆಗೂ ಅಣ್ಣ ತಂಗಿ ನನ್ನ ಬಗ್ಗೆಯೇ ಮಾತಾಡಿದರು. ಇನ್ನೂ ಮುಗಿದಿಲ್ಲ, ಈಗ ದಿನಾ ಫೋನಿನಲ್ಲಿ ನಡೆಯುತ್ತಿದೆ.