ಎರಡು ಬೀಗ, ಒಂದು ಹಡಗು

ಊರಿಗೆ ನೀರು ಬಿಡುವ ಕೋಣೆಗೆ ಎರಡು ಬೀಗ. ಎಲ್ಲ ತಾಪತ್ರಯಕ್ಕೂ ಮೂಲ ಅದೇ. ಹಿಂದೆ ಯಾವನೋ ನೌಕರ ತನ್ನ ಮಾವನ ಬೀದಿಗೆ ಮಾತ್ರ ಧಾರಾಳವಾಗಿ ನೀರು ಬಿಟ್ಟನೆಂದು ದೊಡ್ಡ ಗಲಾಟೆಯಾಗಿತ್ತು. ಅಂದಿನಿಂದ ಒಂದು ಕೀಲಿ ಸೂಪರಿಂಟೆಂಡೆಂಟರ ಬಳಿ, ಇನ್ನೊಂದು ಹಿರಿಯ ಗುಮಾಸ್ತನ ಬಳಿ. ದಿನವೂ ಬೆಳಗಿನ ಜಾವ ಇಬ್ಬರೂ ಬಂದು ಬೀಗ ತೆಗೆದರೆ ಮಾತ್ರ ಊರು ಮುಖ ತೊಳೆಯಬಹುದು. ಮಧ್ಯಾಹ್ನ ಕಾವಲುಗಾರ ನೀರು ನಿಲ್ಲಿಸಿ ಎರಡೂ ಬೀಗಗಳನ್ನು ಒತ್ತಿ ಹೋಗುತ್ತಾನೆ, ಅದಕ್ಕೆ ಕೀಲಿ ಬೇಕಿಲ್ಲ. ಒಬ್ಬರು ಕಾಯಿಲೆ ಬಿದ್ದರೆ ಅವರ ಕೀಲಿ ಇನ್ನೊಬ್ಬರ ಕೈಗೆ ಹೋಗಬೇಕು, ಮೂರನೆಯವರ ಕೈಗೆ ಖಂಡಿತ ಕೂಡದು.

ಆ ಹಿರಿಯ ಗುಮಾಸ್ತನನ್ನು ಕಚೇರಿಯಲ್ಲೂ ಬೀದಿಯಲ್ಲೂ ಪಾದರಸ ಎಂದೇ ಕರೆಯುತ್ತಿದ್ದರು. ಕೂತಲ್ಲಿ ಕೂರುವವನಲ್ಲ, ನಿಂತಲ್ಲಿ ನಿಲ್ಲುವವನಲ್ಲ. ಅವನ ಹೆಂಡತಿಯ ಅಣ್ಣ ಹಡಗೊಂದರಲ್ಲಿ ಅಡುಗೆಯವನು. ಚಳಿಗಾಲದ ರಜೆಯಲ್ಲಿ ಬಿಸಿಲು ನಾಡಿನ ದ್ವೀಪಗಳನ್ನೆಲ್ಲ ಸುತ್ತಿಬರುವ ಆ ಹಡಗಿನಲ್ಲಿ ತಂಗಿಗೂ ಅವಳ ಗಂಡನಿಗೂ ಒಂದು ಕೋಣೆ ಕೊಡಿಸಿದ್ದ. ಹುಟ್ಟಿದಾಗಿನಿಂದ ಊರಿನ ನೀರಿನ ಟ್ಯಾಂಕಿನ ಆಚೆ ಕಾಲಿಡದ, ಸಮುದ್ರವನ್ನು ದಡದಿಂದಷ್ಟೇ ನೋಡಿದ್ದ ಪಾದರಸ ಆ ಸುದ್ದಿ ಕೇಳಿದಂದಿನಿಂದ ನಿದ್ದೆಯಲ್ಲೂ ಈಜುತ್ತಿದ್ದ.

ರಜೆ ಕೇಳಿದಾಗ ಸೂಪರಿಂಟೆಂಡೆಂಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಊರಿನ ದಾಹ ದೊಡ್ಡದೋ, ನಿಮ್ಮ ಮೋಜು ದೊಡ್ಡದೋ? ನಾನು ಯಾವತ್ತಾದ್ರೂ ರಜಾ ಹಾಕಿದ್ದು ನೋಡಿದೀರಾ? ಕರ್ತವ್ಯ ಕಣ್ರೀ, ಕರ್ತವ್ಯ!"

ಹಡಗು ಹೊರಡುವ ದಿನ ಬಂದೇಬಿಟ್ಟಿತು. ಬೆಳಿಗ್ಗೆ ಬೀಗ ತೆಗೆದು ಮನೆಗೆ ಬಂದವನೇ ಪಾದರಸ ಫೋನಿಗೆ ಕರವಸ್ತ್ರ ಅಡ್ಡ ಹಿಡಿದು ನರಳಿದ.

"ಸಾರ್... ಜ್ವರ ಸಾರ್..."

"ಬೆಳಿಗ್ಗೆ ಗುಂಡುಕಲ್ಲಿನ ಹಾಗಿದ್ರಲ್ರೀ?"

"ಬೀಗ ತೆಗೆಯೋವಾಗ್ಲೇ ಕೈ ನಡುಗ್ತಿತ್ತು ಸಾರ್."

"ಇರ್ಲಿ ಬಿಡಿ, ನಾಳೆ ಹೊತ್ತಿಗೆ ಸರಿಹೋಗುತ್ತೆ. ಮನೇಲೇ ಇರ್ತೀರಿ ತಾನೆ? ಎಲ್ಲೂ ಹೋಗಲ್ವಲ್ಲ? ಮನೇಲೇ?"

ಪಾದರಸ ಫೋನಿಟ್ಟು ಬೆವರು ಒರೆಸಿಕೊಂಡ. "ಮತ್ತೆ ಮತ್ತೆ ಕೇಳಿದ್ರು ಕಣೇ. ಅನುಮಾನ ಬಂದುಬಿಟ್ಟಿದೆ ಅವರಿಗೆ."

"ಬಂದ್ರೆ ಬರ್ಲಿ," ಎಂದಳು ಹೆಂಡತಿ, ಸೂಟ್‌ಕೇಸಿನ ಮೇಲೆ ಕೂತು ಅದರ ಬಾಯಿ ಮುಚ್ಚಿಸುತ್ತ. "ಜ್ವರ ಏರಿದೆ, ನಾಳೆ ನೀವೇ ತೆಗೀರಿ ಅಂತ ಒಂದು ಚೀಟಿ ಬರೀರಿ. ಹೋಗ್ತಾ ಕೀಲಿ ಸಮೇತ ಅವರ ಮನೆ ಬಾಗಿಲ ಸಂದಿಯಿಂದ ಒಳಗೆ ಹಾಕಿಬಿಡೋಣ. ಊರಿಗೆ ನೀರೂ ಆಯ್ತು, ನಮಗೆ ಸಮುದ್ರವೂ ಆಯ್ತು."

ಸಂಜೆಯವರೆಗೆ ತೆಪ್ಪಗೆ ಮಲಗಿದ್ದರೆ ಎಲ್ಲ ಸುಸೂತ್ರವಾಗುತ್ತಿತ್ತು. ಆದರೆ ಪಾದರಸ ತೆಪ್ಪಗೆ ಮಲಗುವುದುಂಟೇ? ಮಧ್ಯಾಹ್ನಕ್ಕೇ ಹೂ ಹೂವಿನ ಅಂಗಿ, ಮೊಣಕಾಲು ಕಾಣುವ ಚಡ್ಡಿ ತೊಟ್ಟು, ಹುಲ್ಲಿನ ಟೋಪಿಯನ್ನು ಓರೆಯಾಗಿಟ್ಟು ಕನ್ನಡಿಯ ಮುಂದೆ ಓಡಾಡತೊಡಗಿದ. ಮುಸ್ಸಂಜೆಯ ಹೊತ್ತಿಗೆ ಬಾಗಿಲು ಬಡಿದ ಸದ್ದಾಯಿತು. ಒಂದೇ ನೆಗೆತಕ್ಕೆ ಮಂಚ ಸೇರಿ ಕಂಬಳಿ ಎಳೆದುಕೊಂಡ.

ಬಂದವರು ಮಹಡಿಯ ಮೇಲಿನ ಅಜ್ಜಿ. ಬೆಳಗಿನ ನರಳಾಟ ಅವರಿಗೆ ಚೆನ್ನಾಗಿಯೇ ಕೇಳಿಸಿತ್ತು. ಕೈಯಲ್ಲಿ ಹೊಗೆಯಾಡುವ ಕಷಾಯ.

"ಕುಡಿಯಪ್ಪ. ನಮ್ಮ ಯಜಮಾನರು ಇದನ್ನ ಕುಡಿದು ಒಂದೇ ದಿನಕ್ಕೆ ಎದ್ದು ಓಡಿಹೋಗಿದ್ರು."

ಒಂದು ಗುಟುಕು ಬಾಯಿಗೆ ಹೋದಮೇಲೆ ಅವರೇಕೆ ಓಡಿಹೋದರೆಂದು ಪಾದರಸನಿಗೆ ಅರ್ಥವಾಯಿತು. ಲೋಟ ಖಾಲಿಯಾಗುವವರೆಗೂ ಅಜ್ಜಿ ಅಲ್ಲಾಡಲಿಲ್ಲ. ಅವರು ಎದ್ದರು ಎನ್ನುವಾಗ ಪಕ್ಕದ ಮನೆಯ ನಿವೃತ್ತ ಕಾಂಪೌಂಡರ್ ಥರ್ಮಾಮೀಟರ್ ಒದರುತ್ತಲೇ ಒಳಗೆ ಬಂದರು. ಪಾದರಸ ಗಾಬರಿಯಾದ. ಕಂಬಳಿಯೊಳಗೆ ಹೆಂಡತಿ ಸಮಯಕ್ಕಿರಲೆಂದು ಇಟ್ಟಿದ್ದ ಬಿಸಿನೀರಿನ ಚೀಲವನ್ನು ಥರ್ಮಾಮೀಟರ್ ಸಿಕ್ಕಿಸಿದ ಕಂಕುಳಿಗೆ ಒತ್ತಿಕೊಂಡ. ಥರ್ಮಾಮೀಟರನ್ನು ಹೊರತೆಗೆದು ನೋಡಿದ ಕಾಂಪೌಂಡರ್ ಹಾಗೇ ಕುರ್ಚಿಗೆ ಕುಸಿದರು.

"ಅಯ್ಯಯ್ಯೋ! ಇಷ್ಟು ಏರಿದ್ರೆ ಮನುಷ್ಯ ಉಳಿಯೋದುಂಟೇನಮ್ಮ? ಮೊದಲು ಆಸ್ಪತ್ರೆಗೆ ಸಾಗಿಸಿ!"

ಅರ್ಧ ಬೀದಿ ಬಾಗಿಲಲ್ಲಿ ನೆರೆಯಿತು. ಒಬ್ಬರು ಟ್ಯಾಕ್ಸಿಗೆ ಓಡಿದರು. ಒಬ್ಬರು ಕಿಟಕಿ ತೆರೆಯಿರಿ ಎಂದರು, ಇನ್ನೊಬ್ಬರು ಮುಚ್ಚಿರಿ ಎಂದರು. ಈ ಗದ್ದಲದ ನಡುವೆ ಗೇಟಿನ ಬಳಿಯ ಟಪಾಲು ಡಬ್ಬ ಠಣ್ ಎಂದಿತು. ಅಜ್ಜಿ ಕತ್ತು ಉದ್ದ ಮಾಡಿ ನೋಡಿದರು.

"ಯಾರೋ ಮಫ್ಲರ್ ಸುತ್ಕೊಂಡೋರು ಡಬ್ಬಕ್ಕೆ ಏನೋ ಹಾಕಿ ಓಡಿದ್ರಲ್ಲಮ್ಮ!"

"ಯಾವುದೋ ಅಂಗಡಿ ಜಾಹೀರಾತು ಇರುತ್ತೆ ಬಿಡಿ ಅಜ್ಜಿ," ಎಂದಳು ಹೆಂಡತಿ. ಅವಳ ಕಣ್ಣೆಲ್ಲ ಗಡಿಯಾರದ ಮೇಲಿತ್ತು.

ಪಾದರಸನನ್ನು ಕಂಬಳಿ ಸಮೇತ ಎತ್ತಿ ಟ್ಯಾಕ್ಸಿಗೆ ಹಾಕಿದರು. ಹಿಂದೆಯೇ ಎರಡು ಸೂಟ್‌ಕೇಸು, ಒಂದು ಹುಲ್ಲಿನ ಟೋಪಿ ಬಂದವು.

"ಆಸ್ಪತ್ರೆಗೆ ಟೋಪಿ ಯಾಕಮ್ಮ?"

"ತಲೆಗೆ ಗಾಳಿ ಆಡ್ತಾ ಇರಬೇಕಂತೆ."

ಕಾಂಪೌಂಡರ್ ಮುಂದಿನ ಸೀಟಿನಲ್ಲಿ ಆಗಲೇ ಕೂತಿದ್ದರು. ಕಂಬಳಿಯೊಳಗಿನಿಂದಲೇ ಪಾದರಸ ಹೆಂಡತಿಯನ್ನು ತಿವಿದ. ಅವಳು ಸೆರಗಿನಿಂದ ಮೂಗು ಮುಚ್ಚಿಕೊಂಡು ಮೆಲ್ಲಗೆ, "ಅಂಟುಜ್ವರ ಇದ್ರೂ ಇರಬಹುದು. ನೀವಿರೋದು ನಮಗೆ ಎಷ್ಟು ಧೈರ್ಯ ಗೊತ್ತಾ?" ಎಂದಳು. ಕಾಂಪೌಂಡರಿಗೆ ಆ ಕ್ಷಣವೇ ಒಲೆಯ ಮೇಲೆ ಹಾಲಿಟ್ಟು ಬಂದದ್ದು ನೆನಪಾಯಿತು.

ದಾರಿಯಲ್ಲಿ ಸೂಪರಿಂಟೆಂಡೆಂಟರ ಮನೆ ಕತ್ತಲಾಗಿ ಮಲಗಿತ್ತು. ಪಾದರಸ ತುದಿಗಾಲಲ್ಲಿ ಹೋಗಿ ಚೀಟಿ ಸುತ್ತಿದ ಕೀಲಿಯನ್ನು ಬಾಗಿಲ ಸಂದಿಯಿಂದ ಒಳಗೆ ಹಾಕಿದ. ಅದು ನೆಲಕ್ಕೆ ಬಿದ್ದ ಸದ್ದು ಕೇಳಿ ಅವನಿಗೆ ಹೋದ ಜೀವ ಬಂದಂತಾಯಿತು. "ಪಾಪ, ಕರ್ತವ್ಯ ಮಾಡಿ ಮಾಡಿ ಇಷ್ಟು ಬೇಗ ಮಲಗಿದಾರೆ," ಎಂದುಕೊಂಡ.

ಹಡಗು ದಡ ಬಿಟ್ಟಿತು. ಊರಿನ ದೀಪಗಳು ಹಿಂದೆ ಸರಿದವು. ಪಾದರಸ ಕಂಬಳಿ ಕಿತ್ತೊಗೆದು, ಟೋಪಿ ಇಟ್ಟುಕೊಂಡು, ಆ ಕಟಕಟೆಯಿಂದ ಈ ಕಟಕಟೆಗೆ ಓಡಾಡಿದ. ಅವನಿಗೆ ನಿಜಕ್ಕೂ ಕುಣಿಯುವಷ್ಟು ಸಂತೋಷವಾಗಿತ್ತು. ಹೀಗೆ ಓಡಾಡುತ್ತಿದ್ದವನು ಕತ್ತಲಲ್ಲೂ ಕಪ್ಪು ಕನ್ನಡಕ ಹಾಕಿ ಕೂತಿದ್ದ ಒಬ್ಬರ ಕಾಲು ತುಳಿದ. ಅವರ ಅಂಗಿಯೂ ಹೂ ಹೂವಿನದೇ. ಕೊರಳಲ್ಲಿ ಮಫ್ಲರ್.

"ಸಾರ್!"

ಸೂಪರಿಂಟೆಂಡೆಂಟರು ಕನ್ನಡಕ ತೆಗೆದರು.

"ಜ್ವರ ಹೇಗಿದೆ?"

"ಇಳೀತು ಸಾರ್. ತಾವು..."

"ನಮ್ಮನೆಯವರದು ಒಂದೇ ಹಠ. ಹೋಗ್ಲಿ ಬಿಡಿ, ನೀವು ನನ್ನನ್ನ ನೋಡಿಲ್ಲ, ನಾನು ನಿಮ್ಮನ್ನ ನೋಡಿಲ್ಲ."

ಇಬ್ಬರೂ ಮನಸ್ಸು ಬಿಚ್ಚಿ ನಕ್ಕರು. ಇಷ್ಟು ವರ್ಷ ಜೊತೆಯಲ್ಲಿ ಬೀಗ ತೆಗೆದರೂ ಹೀಗೆ ನಕ್ಕದ್ದು ಅದೇ ಮೊದಲು.

"ಅಂದಹಾಗೆ," ಎಂದರು ಸೂಪರಿಂಟೆಂಡೆಂಟರು, "ನಾನೇ ಬಂದು ನಿಮ್ಮ ಡಬ್ಬಕ್ಕೆ ಹಾಕಿದ ಕೀಲಿ ಯಾರ ಕೈಗೆ ಕೊಟ್ಟು ಬಂದ್ರಿ?"

"ಯಾವ ಡಬ್ಬ ಸಾರ್?" ಪಾದರಸನ ಟೋಪಿ ಗಾಳಿಗೆ ಹಾರಿಹೋಯಿತು, ಅವನು ಗಮನಿಸಲಿಲ್ಲ. "ನಾನು ನನ್ನದನ್ನ ನಿಮ್ಮ ಮನೆ ಒಳಗೆ ಹಾಕಿ ಬಂದೆನಲ್ಲ!"

ಬೆಳಗಾದರೆ ಊರಿಗೆ ಊರೇ ಬಕೆಟ್ ಹಿಡಿದು ಕಚೇರಿಯ ಮುಂದೆ ನಿಲ್ಲುತ್ತದೆ. ಇಬ್ಬರ ಕೆಲಸವೂ ನೀರಿಲ್ಲದೆ ತೊಳೆದುಹೋಗುತ್ತದೆ.

ಅಷ್ಟರಲ್ಲಿ ಸಣ್ಣ ದೋಣಿಯೊಂದು ಹಡಗಿನ ಪಕ್ಕಕ್ಕೆ ಬಂತು. ಬಂದರಿನ ಬಾಯಿಯವರೆಗೆ ಹಡಗಿಗೆ ದಾರಿ ತೋರಿಸಿದವನನ್ನು ಅದು ದಡಕ್ಕೆ ಕರೆದೊಯ್ಯುತ್ತದೆಂದು ಅಡುಗೆಮನೆಯಿಂದ ಬಂದ ಹೆಂಡತಿಯ ಅಣ್ಣ ಹೇಳಿದ. ಸೂಪರಿಂಟೆಂಡೆಂಟರ ಮುಖ ಅರಳಿತು.

"ಒಬ್ಬರು ಹೋದ್ರೆ ಸಾಕು. ನಿಮಗೆ ರಜಾ ಮಂಜೂರಾಗಿಲ್ಲ."

"ನಿಮಗೆ ಸಾರ್?"

"ನನ್ನ ರಜಾ ಮಂಜೂರು ಮಾಡೋದು ನಾನೇ ಅಲ್ವೇನ್ರೀ?" ಎಂದು ತಮ್ಮ ಮನೆಯ ಕೀಲಿಯನ್ನು ಅವನ ಕೈಗಿತ್ತರು. "ಕಾವಲುಗಾರನ್ನ ಸಾಕ್ಷಿಗೆ ನಿಲ್ಲಿಸ್ಕೊಂಡು ಎರಡೂ ನೀವೇ ತೆಗೀರಿ. ಹಾಗೇ ಕುಂಡಗಳಿಗೂ ನೀರು ಹಾಕಿಬಿಡಿ."

ಪಾದರಸ ಹೆಂಡತಿಯ ಕಡೆ ನೋಡಿದ.

"ನಾನೂ ಇಳಿದ್ರೆ ನಮ್ಮಣ್ಣ ನೊಂದ್ಕೋತಾನೆ ಕಣ್ರೀ," ಎಂದಳು ಅವಳು. ಕಣ್ಣಲ್ಲಿ ನೀರಿತ್ತು, ಆದರೆ ಕೂತ ಆರಾಮಕುರ್ಚಿ ಬಿಟ್ಟು ಏಳಲಿಲ್ಲ.

ಹಗ್ಗದ ಏಣಿ ಇಳಿದು, ಚಡ್ಡಿಯಲ್ಲೇ ಕೊರೆಯುವ ಗಾಳಿಗೆ ಮೈಯೊಡ್ಡಿ, ಅಲೆಯ ನೀರಲ್ಲಿ ತೊಯ್ದು ತೊಪ್ಪೆಯಾಗಿ ಪಾದರಸ ಊರು ಸೇರಿದ. ಬೆಳಗಿನ ಜಾವ ಹಲ್ಲು ಕಟಕಟಿಸುತ್ತ ಎರಡೂ ಬೀಗ ತೆಗೆದ. ನೀರು ಬಂತು. ಮನೆಗೆ ಬರುವಷ್ಟರಲ್ಲಿ ಮೈ ಕೆಂಡವಾಗಿತ್ತು, ಕಾಲು ನಿಲ್ಲುತ್ತಿರಲಿಲ್ಲ. ಜೀವಮಾನದಲ್ಲಿ ಮೊದಲ ಸಲ ಅವನಿಗೆ ಸುಮ್ಮನೆ ಮಲಗಬೇಕೆನಿಸಿತು.

ಬೀದಿಗೆ ಬೀದಿಯೇ ಎದುರು ಬಂತು. "ಆಸ್ಪತ್ರೆಯಿಂದ ಎದ್ದು ಬಂದು ನಮಗೆ ನೀರು ಬಿಟ್ರಲ್ಲ! ಮನುಷ್ಯ ಅಂದ್ರೆ ಹೀಗಿರಬೇಕು!"

ಕಾಂಪೌಂಡರ್ ದೂರದಿಂದಲೇ ಥರ್ಮಾಮೀಟರ್ ಚಾಚಿದರು. ಹೊರತೆಗೆದು ಬೆಳಕಿಗೆ ಹಿಡಿದು ನೋಡಿ ನಿಟ್ಟುಸಿರು ಬಿಟ್ಟರು.

"ಜ್ವರ ಇದೆ, ಆದರೆ ನಿನ್ನೆ ಇದ್ದದ್ದಕ್ಕೆ ಹೋಲಿಸಿದ್ರೆ ಇದೇನೂ ಅಲ್ಲ. ವಾಸಿಯಾಗ್ತಾ ಇದೀರಿ! ಮಲಗೋದೇ ಬೇಡ, ಆರಾಮಾಗಿ ಕೆಲಸಕ್ಕೆ ಹೋಗಿ."

"ಎಲ್ಲ ನನ್ನ ಕಷಾಯದ ಗುಣ," ಎಂದರು ಅಜ್ಜಿ. ಈ ಸಲ ಅವರು ಚೆಂಬಿನಲ್ಲೇ ತಂದಿದ್ದರು.