ಟೀ ಕಾಫಿ ಬೆರೆಸದ ಕ್ರಿಸ್‌ಮಸ್ ಕೇಕು

ಆಗ ನನಗಿನ್ನೂ ಮೀಸೆ ಸರಿಯಾಗಿ ಬಂದಿರಲಿಲ್ಲ, ಆದರೆ ಊರೆಲ್ಲ ನನ್ನನ್ನು ‘ಎಲ್ಡರ್’ ಎಂದು ಕರೆಯುತ್ತಿತ್ತು. ಎಲ್ಡರ್ ಎಂದರೆ ಹಿರಿಯ. ಮಾರ್ಮನ್ ಎಂಬ ಕ್ರೈಸ್ತ ಪಂಗಡದ ಸಭೆಯಲ್ಲಿ ಪ್ರಚಾರಕ್ಕೆ ಹೊರಟ ಹುಡುಗರಿಗೆ ವಯಸ್ಸು ಎಷ್ಟೇ ಇರಲಿ, ಹೆಸರಿನ ಮೊದಲಿಗೆ ಈ ಬಿರುದು ಅಂಟಿಕೊಳ್ಳುತ್ತದೆ. ರಾಣೆಬೆನ್ನೂರಿನಿಂದ ಡಿಪ್ಲೊಮಾ ಓದಲು ಬೆಂಗಳೂರಿಗೆ ಬಂದಿದ್ದ ನಾನು ಆ ಸಭೆಗೆ ಸೇರಿ, ಓದು ಮುಗಿದ ಮೇಲೆ ಎರಡು ವರ್ಷದ ಸೇವೆಗೆ ನಿಂತಿದ್ದೆ. ಬಿಳಿ ಅಂಗಿ, ಟೈ, ಎದೆಯ ಮೇಲೆ ‘ಎಲ್ಡರ್ ಪ್ರಭಾಕರ್’ ಎಂದು ಬರೆದ ಕಪ್ಪು ಬಿಲ್ಲೆ. ತೊಂಬತ್ತರ ದಶಕದ ಕೊನೆಯ ಆ ದಿನಗಳಲ್ಲಿ ಟೈ ಕಟ್ಟಿಕೊಂಡು ಮನೆಯ ಬೆಲ್ಲು ಒತ್ತುವವರೆಂದರೆ ವ್ಯಾಕ್ಯೂಮ್ ಕ್ಲೀನರ್ ಮಾರುವವರು ಮಾತ್ರ. ಇಂದಿರಾನಗರದ ಬಹಳಷ್ಟು ಮನೆಗಳವರು ನಾವು ದೇವರ ಹೆಸರೆತ್ತುವ ಮೊದಲೇ “ನಮ್ಮನೇಲಿ ಈಗಾಗ್ಲೇ ಇದೆ” ಎಂದು ಬಾಗಿಲು ಹಾಕುತ್ತಿದ್ದರು. ದೇವರು ಇದ್ದಾನೆ ಎಂದರೋ ಮೆಷಿನ್ ಇದೆ ಎಂದರೋ ತಿಳಿಯುತ್ತಿರಲಿಲ್ಲ.

ನನ್ನ ಜೊತೆಗಾರ ಎಲ್ಡರ್ ಸುಧಾಕರ್, ರಾಜಮಂಡ್ರಿಯ ಹುಡುಗ. ನಮ್ಮಲ್ಲಿ ಇಬ್ಬಿಬ್ಬರು ಯಾವಾಗಲೂ ಜೊತೆಗಿರಬೇಕೆಂಬ ನಿಯಮ. ಇಬ್ಬರಲ್ಲಿ ಮೊದಲು ಸೇವೆಗೆ ಬಂದವನು ಹಿರಿಯ ಜೊತೆಗಾರ. ಅಂದರೆ ನಾನು ಹಿರಿಯರಲ್ಲಿ ಹಿರಿಯ. ಸುಧಾಕರ ಮಿತಭಾಷಿ. ಅವನು ಬಾಯಿ ತೆರೆಯಲು ಹೊರಟಾಗಲೆಲ್ಲ ನಾನೇ ಮಾತಾಡಿಬಿಡುತ್ತಿದ್ದುದರಿಂದ ಅವನ ಮಿತಭಾಷೆಗೆ ನನ್ನ ಕೊಡುಗೆಯೂ ಇತ್ತು.

ನಾವು ಬಾಡಿಗೆಗೆ ಇದ್ದದ್ದು ಫ್ರೇಜರ್ ಟೌನಿನಲ್ಲಿ, ಫಿಲೋಮಿನಾ ಆಂಟಿಯ ಮನೆಯ ಮಹಡಿಯ ಮೇಲೆ. ಆಂಟಿ ತಮಿಳು ಕ್ಯಾಥೊಲಿಕ್ಕರು. ಗಂಡ ಮಿಲಿಟರಿಯಲ್ಲಿದ್ದು ತೀರಿಕೊಂಡಿದ್ದರು. ನಾವು ಬಂದ ದಿನದಿಂದ ಅವರು ನಮಗೆ ಟೀ ಕೊಡಲು ಪ್ರಯತ್ನಿಸುತ್ತಿದ್ದರು. ನಮ್ಮ ಸಭೆಯಲ್ಲಿ ಟೀ, ಕಾಫಿ, ಹೊಗೆಸೊಪ್ಪು, ಮದ್ಯ ಯಾವುದೂ ಕೂಡದು. ಪ್ರತಿ ಸಲ ನಾನು ಕೈ ಮುಗಿದು ಬೇಡವೆಂದಾಗಲೂ ಅವರ ಮುಖ ಬಾಡುತ್ತಿತ್ತು. ಈ ಮನೆಯಲ್ಲಿ ಏನೂ ಮುಟ್ಟದ ಬಾಡಿಗೆದಾರರು ಬಂದು ಸೇರಿದ್ದಾರೆ ಎಂದು ಅವರು ಪಕ್ಕದ ಮನೆಯವರ ಹತ್ತಿರ ಬೇಸರದಿಂದ ಹೇಳಿಕೊಂಡದ್ದು ಮೆಟ್ಟಿಲಲ್ಲಿ ನಮಗೂ ಕೇಳಿಸಿತ್ತು.

ಡಿಸೆಂಬರ್ ಬಂತು. ಇಂದಿರಾನಗರದಲ್ಲಿ ಬಾಡಿಗೆ ಮನೆಯೊಂದರ ಹಾಲ್‌ನಲ್ಲಿ ನಮ್ಮ ಪುಟ್ಟ ಸಭೆ ಸೇರುತ್ತಿತ್ತು. ಅದರ ಅಧ್ಯಕ್ಷರು ಜಯರಾಜ್ ಸರ್, ನಿವೃತ್ತ ಗಣಿತದ ಮೇಷ್ಟ್ರು. ನಗುವುದನ್ನೂ ಲೆಕ್ಕ ಇಟ್ಟು ನಗುವವರು. ಕ್ರಿಸ್‌ಮಸ್ ಕಾರ್ಯಕ್ರಮಕ್ಕೆ ಯಾರು ಏನು ತರಬೇಕೆಂದು ಅವರು ಕೇಳುತ್ತಿದ್ದಾಗ, ಕೇಕಿನ ಜವಾಬ್ದಾರಿ ನನ್ನದು ಎಂದು ನಾನು ಎದ್ದು ನಿಂತುಬಿಟ್ಟೆ. ನಮ್ಮ ಕೋಣೆಯಲ್ಲಿ ಇದ್ದದ್ದು ಒಂದು ಸೀಮೆಎಣ್ಣೆ ಸ್ಟೌವು. ನನಗೆ ಗೊತ್ತಿದ್ದ ಕೇಕೆಂದರೆ ರಾಣೆಬೆನ್ನೂರಿನ ಬೇಕರಿಯ ಗಾಜಿನ ಪೆಟ್ಟಿಗೆಯಲ್ಲಿ ಗುಲಾಬಿ ಹೂ ಹೊತ್ತು ಕೂತಿರುತ್ತಿದ್ದ ಕೇಕು. ಆದರೂ ಎದ್ದು ನಿಂತೆ. ಸುಧಾಕರ ನನ್ನ ಅಂಗಿಯನ್ನು ಹಿಂದಿನಿಂದ ಎಳೆದ. ಅದನ್ನು ನಾನು ಪ್ರೋತ್ಸಾಹ ಎಂದುಕೊಂಡೆ.

ಸಂಜೆ ವಿಷಯ ತಿಳಿದ ಫಿಲೋಮಿನಾ ಆಂಟಿಯ ಮುಖ ಅರಳಿತು. ಗಂಡ ಹೋದ ಮೇಲೆ ಅವರು ಕ್ರಿಸ್‌ಮಸ್ ಕೇಕು ಮಾಡುವುದನ್ನೇ ಬಿಟ್ಟಿದ್ದರಂತೆ. ಈ ವರ್ಷ ಯಾಕೋ ಮನಸ್ಸಾಗಿ ದಸರಾ ಮುಗಿದ ಕೂಡಲೇ ಹಣ್ಣು ನೆನೆಹಾಕಿದ್ದರಂತೆ. ತಿನ್ನುವವರು ಯಾರು ಎಂಬ ಯೋಚನೆಯಲ್ಲಿದ್ದಾಗ ನಾವು ಸಿಕ್ಕಿದ್ದೆವು.

“ನಾನ್ ಮಾಡ್ಕೊಡ್ತೀನಿ ತಂಬಿ. ನಿಮ್ಮ ಸಭೆಗೆಲ್ಲಾ ಸಾಕಾಗೋ ಅಷ್ಟು,” ಎಂದರು.

ಇಲ್ಲಿ ನನ್ನ ಕರ್ತವ್ಯಪ್ರಜ್ಞೆ ಎಚ್ಚರಗೊಂಡಿತು. ನಾನು ಗಂಟಲು ಸರಿಮಾಡಿಕೊಂಡು, ನಮ್ಮ ಸಭೆಯ ನಿಯಮಗಳ ಪ್ರಕಾರ ಈ ಕೇಕಿನಲ್ಲಿ ಟೀ ಆಗಲಿ ಕಾಫಿ ಆಗಲಿ ಲವಲೇಶವೂ ಇರಕೂಡದು ಎಂದು ವಿವರಿಸಿದೆ. ಮದ್ಯ ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು. ಆದರೆ ದಿನಾ ಜಪಸರ ಹಿಡಿದು ಕೂರುವ, ತಾಯಿಯಂಥ ಹೆಂಗಸಿನ ಎದುರು ಹೆಂಡದ ಹೆಸರೆತ್ತುವುದು ಸಭ್ಯತೆಯೇ? ನುಂಗಿಕೊಂಡೆ. ಕೇಕಿಗೆ ಯಾರಾದರೂ ಟೀ ಹಾಕುತ್ತಾರೆಯೇ ಎಂಬಂತೆ ಆಂಟಿ ನನ್ನನ್ನು ಸ್ವಲ್ಪ ಹೊತ್ತು ನೋಡಿ, ಒಂದು ತೊಟ್ಟೂ ಹಾಕುವುದಿಲ್ಲವೆಂದು ಮಾತು ಕೊಟ್ಟರು. ಕೊಟ್ಟ ಮಾತಿಗೆ ಅವರು ಕೊನೆಯವರೆಗೂ ತಪ್ಪಲಿಲ್ಲ.

ಮರುದಿನ ನಾವಿಬ್ಬರೂ ರಸೆಲ್ ಮಾರ್ಕೆಟ್ಟಿಗೆ ಹೋಗಿ ಇನ್ನಷ್ಟು ದ್ರಾಕ್ಷಿ, ಚೆರ್ರಿ, ಕಿತ್ತಳೆ ಸಿಪ್ಪೆ ತಂದು ಸಣ್ಣಗೆ ಹೆಚ್ಚಿಕೊಟ್ಟೆವು. ಆಂಟಿ ಮಂಚದ ಕೆಳಗಿನಿಂದ ಒಂದು ಉಪ್ಪಿನಕಾಯಿ ಭರಣಿಯನ್ನು ಎಳೆದರು. ಮುಚ್ಚಳ ತೆಗೆದ ಕೂಡಲೇ ಘಮ್ಮೆಂದು ಬಂದ ವಾಸನೆಗೆ ನನ್ನ ಕಣ್ಣಲ್ಲಿ ನೀರಾಡಿತು. ನಮ್ಮ ಮನೆತನದಲ್ಲಿ ಯಾರೂ ಕುಡಿದವರಲ್ಲ. ನನಗೆ ಆ ವಾಸನೆಗೆ ಹತ್ತಿರದ ಪರಿಚಯವೆಂದರೆ ಕೆಮ್ಮಿನ ಔಷಧಿ. ಏನಿದು ಎಂದು ಕೇಳಿದ್ದಕ್ಕೆ ಆಂಟಿ ಹೆಮ್ಮೆಯಿಂದ, “ಎಲ್ಲಾ ಮಿಲಿಟರಿ ಕ್ಯಾಂಟೀನ್ ಮಾಲು ತಂಬಿ, ಪ್ಯೂರು,” ಎಂದರು. ಸೈನ್ಯದವರಿಗೆ ಒಳ್ಳೆಯ ಒಣದ್ರಾಕ್ಷಿ ಸಿಗುತ್ತದೆ ಎಂದು ನಾನು ತಲೆದೂಗಿದೆ.

ಸುಧಾಕರ ಮೂಗು ಅರಳಿಸಿ, “ಎಲ್ಡರ್, ಈ ವಾಸನೆ...” ಎಂದು ಶುರುಮಾಡಿದ. ಬೇರೆಯವರ ಅಡುಗೆಮನೆಯಲ್ಲಿ ವಾಸನೆಯ ಮಾತಾಡುವುದು ತರವಲ್ಲ ಎಂದು ಅವನನ್ನು ಅಲ್ಲೇ ತಡೆದೆ.

ಆ ಕಾಲದಲ್ಲಿ ಕಂಟೋನ್ಮೆಂಟಿನ ಮನೆಗಳವರು ಕೇಕಿನ ಹಿಟ್ಟನ್ನು ಮನೆಯಲ್ಲಿ ಕಲಸಿ, ಬೇಯಿಸಲು ಬೇಕರಿಗೆ ಒಯ್ಯುತ್ತಿದ್ದರು. ನಾನೂ ಸುಧಾಕರನೂ ಎರಡು ದೊಡ್ಡ ಟ್ರೇ ಹೊತ್ತು ಮಾಸ್ಕ್ ರೋಡಿನ ಒಂದು ಬೇಕರಿಗೆ ಹೋದೆವು. ರಂಜಾನ್ ತಿಂಗಳು. ಬೇಕರಿಯ ಭಾಯ್ ಉಪವಾಸದಲ್ಲಿದ್ದರು. ಟ್ರೇಗಳು ಹತ್ತಿರ ಬಂದದ್ದೇ ಅವರು ಹೆಗಲ ಮೇಲಿನ ಟವೆಲನ್ನು ಮೂಗಿಗೆ ಒತ್ತಿಕೊಂಡು ಎರಡು ಹೆಜ್ಜೆ ಹಿಂದೆ ಸರಿದರು. ನನ್ನ ಟೈಯನ್ನು ನೋಡಿದರು, ಎದೆಯ ಬಿಲ್ಲೆಯನ್ನು ಓದಿದರು.

“ಸಾಬ್, ನಾನು ರೋಜಾ ಇದ್ದೀನಿ. ನಾನು ಇದನ್ನ ಮುಟ್ಟಲ್ಲ. ನೀವೇ ಭಟ್ಟಿ ಒಳಗೆ ಇಟ್ಬಿಡಿ,” ಎಂದರು.

ಪಾಪ, ಹಸಿದವರಿಗೆ ಕೇಕಿನ ಪರಿಮಳ ಸಹಿಸುವುದು ಕಷ್ಟ ಎಂದುಕೊಂಡು ನನಗೆ ಅವರ ಮೇಲೆ ಗೌರವ ಉಕ್ಕಿತು. ಟ್ರೇಗಳನ್ನು ನಾನೇ ಒಳಗೆ ತಳ್ಳಿ, ಇಂದ್ರಿಯನಿಗ್ರಹದಲ್ಲಿ ನಮ್ಮ ಎರಡು ಧರ್ಮಗಳಿಗೂ ಇರುವ ಹೋಲಿಕೆಯ ಬಗ್ಗೆ ಅವರಿಗೆ ಒಂದು ಪುಟ್ಟ ಭಾಷಣವನ್ನೂ ಮಾಡಿದೆ. ಅವರು ಟವೆಲ್ ತೆಗೆಯದೆ ಕೇಳಿಸಿಕೊಂಡರು.

ಬೆಂದ ಕೇಕನ್ನು ಆಂಟಿ ನಮ್ಮ ಕೋಣೆಯಲ್ಲೇ ಇಡಿಸಿದರು. ಅವರ ಅಡುಗೆಮನೆಯಲ್ಲಿ ಇಲಿಯ ಕಾಟವಿತ್ತು. ದಿನಾ ಸಂಜೆ ಎರಡು ಚಮಚ ಸುರಿಯಿರಿ, ಕೇಕು ಮೆತ್ತಗಿರುತ್ತದೆ ಎಂದು ಹೇಳಿ, ಲೇಬಲ್ ಕಿತ್ತ ಒಂದು ಬಾಟಲಿಯನ್ನೂ ಕೊಟ್ಟರು. ನಾವು ಸಂಜೆಯ ಪ್ರಾರ್ಥನೆ ಮುಗಿಸಿ, ಭಕ್ತಿಯಿಂದ ಎರಡೆರಡು ಚಮಚ ಸುರಿಯತೊಡಗಿದೆವು. ಕೋಣೆ ತುಂಬ ಒಂದು ಬಗೆಯ ಬೆಚ್ಚನೆಯ ಘಮ. ಡಿಸೆಂಬರಿನ ಚಳಿಯಲ್ಲೂ ನಮಗೆ ಒಳ್ಳೆಯ ನಿದ್ದೆ ಬರುತ್ತಿತ್ತು. ಕಾರ್ಯಕ್ರಮದ ಹಿಂದಿನ ಸಂಜೆ ನೋಡಿದರೆ ಕೇಕಿನ ಅಂಚು ಯಾಕೋ ಒಣಗಿದಂತೆ ಕಂಡಿತು. ಚಮಚದ ಲೆಕ್ಕಾಚಾರ ನನ್ನ ಉದಾರ ಸ್ವಭಾವಕ್ಕೆ ಒಗ್ಗಲಿಲ್ಲ. ಬಾಟಲಿಯನ್ನೇ ಬಗ್ಗಿಸಿಬಿಟ್ಟೆ.

ಮರುದಿನ ಮಧ್ಯಾಹ್ನ ಇಂದಿರಾನಗರದ ಬಸ್ಸು ಹತ್ತಿದೆವು. ನಾವು ಸಭೆಗೆ ಕರೆದಿದ್ದ ಆಂಟಿ ಒಳ್ಳೆಯ ಸೀರೆಯುಟ್ಟು ಮುಂದೆ ಹೆಂಗಸರ ಸೀಟಿನಲ್ಲಿ, ನಾವು ಹಿಂದೆ, ತೊಡೆಯ ಮೇಲೆ ಒಂದೊಂದು ಟ್ರೇ. ಬಸ್ಸು ಹಲಸೂರು ದಾಟುವಷ್ಟರಲ್ಲಿ ನಮ್ಮ ಸುತ್ತಲಿನ ಸೀಟುಗಳು ಖಾಲಿಯಾದವು. ಕಂಡಕ್ಟರು ಟಿಕೆಟ್ ಹರಿದುಕೊಟ್ಟು, ಬಾಗಿ ಮೆಲ್ಲಗೆ, “ಹಗಲೊತ್ತು ಬೇಡ ಸಾರ್. ನೋಡಿದ್ರೆ ಓದಿದೋರ ಥರ ಕಾಣ್ತೀರ,” ಎಂದ. ಅವನೇನು ಹೇಳಿದನೆಂದು ನನಗೆ ಅರ್ಥವಾಗಲಿಲ್ಲ. ನಮ್ಮ ಸಭೆಗೆ ಬರುವಂತೆ ಆಹ್ವಾನಿಸಿದೆ.

ಕಾರ್ಯಕ್ರಮದಲ್ಲಿ ಮೊದಲು ನನ್ನ ಭಾಷಣ. ವಿಷಯವನ್ನು ನಾನೇ ಆರಿಸಿಕೊಂಡಿದ್ದೆ: ದೇಹವೆಂಬ ದೇಗುಲ ಮತ್ತು ಅಮಲಿನ ಕೆಡುಕುಗಳು. ಚೆನ್ನಾಗಿಯೇ ಮಾತಾಡಿದೆ. ಆಮೇಲೆ ಕೇಕು ಹಂಚಿದೆವು. ಮಕ್ಕಳು ಕಹಿ ಎಂದು ಮುಖ ಕಿವುಚಿ ಚಕ್ಕುಲಿಯ ಕಡೆ ಓಡಿದರು. ಅವರ ಪಾಲನ್ನೂ ದೊಡ್ಡವರೇ ತಿಂದರು. ಕೇಕಿಗೆ ಅಷ್ಟು ಶಕ್ತಿ ಇರುತ್ತದೆಯೋ ಇಲ್ಲವೋ ನಾನು ಹೇಳಲಾರೆ, ನಡೆದದ್ದನ್ನು ಹೇಳುತ್ತೇನೆ. ಎಂದೂ ಎರಡು ಚರಣ ದಾಟದ ಜಯರಾಜ್ ಸರ್ ಕ್ರಿಸ್‌ಮಸ್ ಹಾಡನ್ನು ಮೊದಲಿಂದ ಮತ್ತೊಮ್ಮೆ, ಆಮೇಲೆ ಇನ್ನೊಮ್ಮೆ ಹಾಡಿಸಿದರು. ಗಂಭೀರವಾದ ಹೆಂಗಸರು ಚಪ್ಪಾಳೆ ತಟ್ಟಿದರು. ನಾಲ್ಕು ತುಂಡು ತಿಂದ ಸುಧಾಕರನಿಗೆ ಮಾತು ಬಂತು. ಎದ್ದು ನಿಂತು, ತನ್ನ ಹಿರಿಯ ಜೊತೆಗಾರರು ಬೆಳಿಗ್ಗೆ ಅಲಾರಂ ಆರಿಸಿ ಮತ್ತೆ ಮಲಗುತ್ತಾರೆಂದೂ, ಸಾರಿಗೆ ಉಪ್ಪು ಹಾಕುವುದನ್ನು ಮರೆತು ಅದನ್ನು ಸಂಯಮ ಎನ್ನುತ್ತಾರೆಂದೂ, ಆದರೂ ತನಗೆ ಅವರ ಮೇಲೆ ಬಹಳ ಪ್ರೀತಿಯೆಂದೂ ಸಭೆಗೆ ತಿಳಿಸಿದ. ಎಲ್ಲರೂ ಬಿದ್ದು ಬಿದ್ದು ನಕ್ಕರು.

ಇಂಥ ಕೇಕು ತಾವು ತಿಂದೇ ಇಲ್ಲವೆಂದು ಜಯರಾಜ್ ಸರ್ ಅವರ ಹೆಂಡತಿ ಹೇಳಿ, ಮಾಡುವ ಬಗೆಯನ್ನು ಎಲ್ಲರಿಗೂ ತಿಳಿಸಬೇಕೆಂದು ಆಂಟಿಯನ್ನು ಮುಂದೆ ಕರೆದರು. ಆಂಟಿ ನಾಚಿಕೊಂಡು ಎದ್ದು ಬಂದರು. ಅವರನ್ನು ಯಾರೂ ಹೀಗೆ ಮುಂದೆ ಕರೆದು ಎಷ್ಟು ವರ್ಷವಾಗಿತ್ತೋ.

“ದೊಡ್ಡದೇನಿಲ್ಲಮ್ಮಾ. ಈ ತಂಬಿ ಹೇಳಿದ ಹಾಗೆ ಟೀ ಇಲ್ಲ, ಕಾಫಿ ಇಲ್ಲ. ಬರೀ ರಮ್ಮು. ಮಿಲಿಟರಿ ರಮ್ಮು,” ಎಂದರು.

ಆಗಲೇ ತಿಂದು ಮುಗಿಸಿದ್ದವರದ್ದು ಒಂದು ಸ್ಥಿತಿ, ತಟ್ಟೆಯಲ್ಲಿ ಇನ್ನೂ ಇದ್ದವರದ್ದು ಇನ್ನೊಂದು. ಬಾಯಲ್ಲಿ ಇದ್ದವರ ಕಷ್ಟವೇ ಕಷ್ಟ. ಉಗುಳಿದರೆ ಅತಿಥಿಗೆ ಅವಮಾನ, ನುಂಗಿದರೆ ನಿಯಮಭಂಗ. ಜಯರಾಜ್ ಸರ್ ಆ ಮೂರನೆಯ ಗುಂಪಿನವರು. ಅವರು ಗೋಡೆಯ ಕಡೆ ತಿರುಗಿ ನಿಂತರು. ಮತ್ತೆ ಈ ಕಡೆ ತಿರುಗಿದಾಗ ಬಾಯಿ ಖಾಲಿಯಾಗಿತ್ತು. ಯಾವ ದಾರಿಯಲ್ಲಿ ಖಾಲಿಯಾಯಿತೆಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಆಂಟಿ ಒಂದೊಂದೇ ಮುಖ ನೋಡುತ್ತ ಬಂದು ನನ್ನ ಹತ್ತಿರ ನಿಂತರು. “ತಪ್ಪಾಯ್ತಾ ತಂಬಿ? ನೀನು ಹೇಳಿದ್ದು ಟೀ ಕಾಫಿ ಮಾತ್ರ ಅಲ್ವಾ?” ಎಂದರು. ಸೆರಗನ್ನು ಹೊದ್ದುಕೊಂಡು ಹೊರಡಲು ಚಪ್ಪಲಿಯ ಕಡೆ ನೋಡಿದರು. ಅಲ್ಲಿಯವರೆಗೆ ನನ್ನ ಮಾನದ ಬಗ್ಗೆ ಮಾತ್ರ ಹೆದರಿದ್ದ ನಾನು ಅವರಿಗೆ ಅಡ್ಡ ನಿಂತೆ. ಇವರು ತಪ್ಪು ಮಾಡಿಲ್ಲ, ಹೇಳಬೇಕಾದ ಮಾತನ್ನು ಸಭ್ಯತೆಯ ಹೆಸರಿನಲ್ಲಿ ನುಂಗಿದವನು ನಾನು, ಮೇಲಿಂದ ಬಾಟಲಿ ಬಗ್ಗಿಸಿದವನೂ ನಾನೇ ಎಂದು ಎಲ್ಲರಿಗೂ ಕೇಳುವಂತೆ ಹೇಳಿದೆ. ಬಾಟಲಿಯ ವಿಷಯ ಕೇಳಿ ಆಂಟಿಯೇ ಬೆಚ್ಚಿಬಿದ್ದರು.

“ಪೂರಾ ಬಾಟ್ಲು ಸುರಿದ್ಯಾ? ಅಯ್ಯೋ ಪಾವಿ, ಎರಡು ಚಮಚ ಅಲ್ವಾ ಹೇಳಿದ್ದು,” ಎಂದು ಬಾಯಿಗೆ ಸೆರಗು ಒತ್ತಿಕೊಂಡರು. ಆ ಸೆರಗಿನ ಹಿಂದೆ ಅಳು ಬರುತ್ತಿದೆಯೆಂದು ನಾನು ತಿಳಿದೆ. ಬಂದದ್ದು ನಗು.

ಜಯರಾಜ್ ಸರ್ ಗಣಿತದ ಮೇಷ್ಟ್ರ ದನಿಯಲ್ಲಿ ತೀರ್ಪು ಕೊಟ್ಟರು. “ಗೊತ್ತಿಲ್ದೆ ತಿಂದಿದ್ದು ಪಾಪ ಅಲ್ಲ. ಇನ್ಮೇಲೆ ತಿಂದ್ರೆ ಪಾಪ. ಅಮ್ಮಾ, ನಿಮ್ಮ ಕೈರುಚಿಯಲ್ಲಿ ಏನೂ ದೋಷ ಇಲ್ಲ. ದೋಷ ಎಲ್ಲಾ ಇವರದ್ದು,” ಎಂದು ನನ್ನ ಕಡೆ ಬೆರಳು ತೋರಿಸಿದರು. ಅವರ ಹೆಂಡತಿ ಆಂಟಿಯ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡು, ದ್ರಾಕ್ಷಿರಸದಲ್ಲಿ ಇದೇ ಕೇಕು ಮಾಡಲು ಬರುತ್ತದೆಯೇ ಎಂದು ವಿಚಾರಿಸತೊಡಗಿದರು. ಬರುತ್ತದೆ, ಆದರೆ ಅದನ್ನು ಕೇಕು ಎನ್ನಲಾಗದು ಎಂದರು ಆಂಟಿ. ಅವರು ಸಂಜೆಯವರೆಗೂ ಎದ್ದು ಹೋಗಲಿಲ್ಲ.

ನನಗೆ ಶಿಕ್ಷೆಯೂ ಆಯಿತು. ಕ್ರಿಸ್‌ಮಸ್ ಮುಗಿದ ಮೇಲೆ, ತಿಂದವರೆಲ್ಲರ ಮನೆಗೆ ಹೋಗಿ ಕ್ಷಮೆ ಕೇಳಿ, ಮದ್ಯದ ಬಗ್ಗೆ ನಮ್ಮ ಬೋಧನೆಯನ್ನು ಪೂರ್ತಿ ವಿವರಿಸಿ ಬರಬೇಕೆಂದು ಜಯರಾಜ್ ಸರ್ ಹೇಳಿದರು. ಸುಧಾಕರನನ್ನು ಕರೆದುಕೊಂಡು ಹೊರಟೆ. ಅವನು ಮತ್ತೆ ಮೌನಿಯಾಗಿದ್ದ, ಆದರೆ ಆಗಾಗ ತನ್ನಷ್ಟಕ್ಕೇ ನಗುತ್ತಿದ್ದ. ಮನೆ ಮನೆಯಲ್ಲೂ ಜನ ನನ್ನನ್ನು ಅರ್ಧಕ್ಕೇ ತಡೆದು, ಹೋಗ್ಲಿ ಬಿಡಿ ಎಂದು ನಿಂಬೆ ಪಾನಕ ಕೊಟ್ಟು ಕಳಿಸಿದರು.

ಕೊನೆಗೆ ಉಳಿದದ್ದು ಹಲಸೂರಿನಲ್ಲಿ ಜಯರಾಜ್ ಸರ್ ಅವರ ಮನೆ. ಅವರು ಹೊರಗೆ ಹೋಗಿದ್ದರು. ಮಂಡಿನೋವಿನಿಂದ ಕಾರ್ಯಕ್ರಮಕ್ಕೆ ಬರಲಾಗದ ಅವರ ವೃದ್ಧ ತಾಯಿ ಜಗಲಿಯಲ್ಲಿ ಕೂತಿದ್ದರು. ಗುಟ್ಟು ಹೊರಬೀಳುವ ಮೊದಲೇ ಸೊಸೆ ಅವರಿಗೆಂದು ಎರಡು ತುಂಡು ಕಟ್ಟಿಸಿ ಮನೆಗೆ ಕಳಿಸಿದ್ದರಂತೆ. ಅಜ್ಜಿ ನಮ್ಮನ್ನು ಎದುರಿಗೆ ಕೂರಿಸಿಕೊಂಡು, ಹೇಳಪ್ಪಾ ಎಂದರು.

ನಾನು ಹೇಳಿದೆ. ಕ್ಷಮಾಪಣೆಯಿಂದ ಹಿಡಿದು ದೇಹವೆಂಬ ದೇಗುಲದವರೆಗೆ, ಒಂದು ಮಾತನ್ನೂ ಬಿಡದೆ ಹೇಳಿದೆ. ಅಜ್ಜಿ ಮಧ್ಯದಲ್ಲಿ ಬಾಗಿಲು ಹಾಕಲಿಲ್ಲ, ಆಕಳಿಸಲಿಲ್ಲ. ನನ್ನ ಮುಖವನ್ನೇ ನೋಡುತ್ತ, ಆಗಾಗ ತಲೆಯಾಡಿಸುತ್ತ, ಕೊನೆಯ ‘ಆಮೆನ್’ವರೆಗೂ ಕೇಳಿದರು. ಸೇವೆಗೆ ಬಂದಾಗಿನಿಂದ ಮನೆಯಲ್ಲಿ ಕೂರಿಸಿಕೊಂಡು ನನ್ನ ಬೋಧನೆಯನ್ನು ಪೂರ್ತಿಯಾಗಿ ಕೇಳಿಸಿಕೊಂಡ ಮೊದಲ ವ್ಯಕ್ತಿ ಅವರು. ಮನಸ್ಸಿಗೆ ಏನು ಹೊಳೆಯಿತು ಅಜ್ಜಿ ಎಂದು ಕೇಳಿದೆ.

ಅಜ್ಜಿ ಮಂಡಿಯನ್ನು ಒಮ್ಮೆ ಮಡಿಸಿ, ಒಮ್ಮೆ ಚಾಚಿ ತೋರಿಸಿದರು.

“ನೋವು ಎಷ್ಟೋ ವಾಸಿ ಕಣಪ್ಪಾ. ನೀನು ಹೇಳಿದ್ದೆಲ್ಲಾ ಕೇಳಿದೆ ಅಲ್ವಾ. ಈಗ ಆ ಕೇಕು ಇನ್ನೊಂದು ತುಂಡು ಕೊಡು.”